ಮುಚ್ಚುಗಡಿಗೆಗೆ ಸಾಹೇಬರ ಮುದ್ರೆ

"ಈ ನಾಡಿನ ಊಟ ಅಂದರೆ ಏನು ಅಂತ ಪ್ರಪಂಚಕ್ಕೆ ನಾನು ತೋರಿಸ್ತೀನಿ!" ಎಂದು ಮುದ್ರೆ ಸಾಹೇಬರು ಘೋಷಿಸಿದಾಗ ಅವರ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಹಾಗಾಗಿ ಆ ಐತಿಹಾಸಿಕ ಘೋಷಣೆಯ ಅರ್ಧಭಾಗ ಬಚ್ಚಲಿನ ಕನ್ನಡಿಯ ಮೇಲೆ ಬಿಳಿ ಚುಕ್ಕೆಗಳಾಗಿ ದಾಖಲಾಯಿತು.

"ಮೊದಲು ಕನ್ನಡಿ ಒರೆಸಿ. ಪ್ರಪಂಚಕ್ಕೆ ಆಮೇಲೆ ತೋರಿಸೋರಂತೆ" ಎಂದರು ಹೆಂಡತಿ, ಬಾಗಿಲಾಚೆಯಿಂದ.

ಸಾಹೇಬರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಜೀವಮಾನ ಸವೆಸಿ ನಿವೃತ್ತರಾದವರು. ಅಂಗಡಿಗಳಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ತಂತಿ ಬಿಗಿದು, ಇಕ್ಕಳದಿಂದ ಸೀಸದ ಮುದ್ರೆ ಒತ್ತುವುದು ಅವರ ಉದ್ಯೋಗ. ಅವರು ಒತ್ತಿದ ಮುದ್ರೆಯನ್ನು ಯಾವ ವ್ಯಾಪಾರಿಯೂ ಕದ್ದು ಬಿಚ್ಚಲಾರದೆ ಹೋದ. ಹೆತ್ತವರು ಇಟ್ಟ ಹೆಸರು ಮರೆತುಹೋಗಿ ಈ ಹೆಸರು ಉಳಿಯಿತು. ಅವರಿಗೆ ಅದರಲ್ಲಿ ಕಿಂಚಿತ್ತೂ ಬೇಸರವಿರಲಿಲ್ಲ.

ಘೋಷಣೆಯ ಹಿಂದೆ ಇದ್ದದ್ದು ದೇಶಾಭಿಮಾನವಲ್ಲ, ಮಹಡಿಯ ಕೋಣೆ. ಅಡುಗೆಮನೆಯ ನೆತ್ತಿಯ ಮೇಲೆ, ಮರದ ಹಲಗೆಯ ನೆಲವಿದ್ದ ಆ ಕೋಣೆಯಲ್ಲಿ ಸಾಹೇಬರ ಹಳೆಯ ತಕ್ಕಡಿಗಳಿದ್ದವು, ತೂಕದ ಬಟ್ಟುಗಳಿದ್ದವು, ಒಂದು ಒರಗು ಕುರ್ಚಿಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಹೆಂಡತಿ ಇರಲಿಲ್ಲ. ಮಂಡಿನೋವಿನಿಂದಾಗಿ ಆಕೆ ಆ ಕಡಿದಾದ ಮೆಟ್ಟಿಲು ಹತ್ತುತ್ತಿರಲಿಲ್ಲ. ಸಾಹೇಬರನ್ನು ಯಾರೂ ತಿದ್ದದ ಜಾಗ ಭೂಮಂಡಲದಲ್ಲಿ ಅದೊಂದೇ.

ಅದರ ಮೇಲೆ ಈಗ ಭಾವಮೈದನ ಕಣ್ಣು ಬಿದ್ದಿತ್ತು. ಹೆಂಡತಿಯ ತಮ್ಮನಾದ ಈತ ಶಾಲೆಯೊಂದರ ಡ್ರಿಲ್ ಮಾಸ್ತರು. ನಿವೃತ್ತನಾಗಿದ್ದ, ಶಾಲೆಯ ವಸತಿ ಬಿಡಬೇಕಾಗಿತ್ತು. ಮದುವೆಯಾಗಿರಲಿಲ್ಲ, ಅವನ ಆಜ್ಞೆಗೆ ಸರಿಯಾಗಿ ಹೆಜ್ಜೆ ಹಾಕುವ ಹೆಣ್ಣು ಸಿಕ್ಕಿರಲಿಲ್ಲ. ಅವನ ಪಿಸುಮಾತು ಪಕ್ಕದ ಬೀದಿಗೆ ಕೇಳುತ್ತದೆ. ಹೋದ ಮನೆಯಲ್ಲೆಲ್ಲ ಚಪ್ಪಲಿಗಳನ್ನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸುತ್ತಾನೆ. ಸೂರ್ಯ ಏಳುವ ಮುಂಚೆ ಸೀಟಿ ಊದುತ್ತಾನೆ, ಪಾಪ ಸೂರ್ಯನಿಗೂ ಬೇರೆ ದಾರಿಯಿಲ್ಲ.

ಇಂಥ ಹೊತ್ತಿನಲ್ಲೇ ಪ್ರವಾಸಿಗರ ಸಂಘವೊಂದು ಮನೆಗಳನ್ನು ಹುಡುಕುತ್ತಿರುವ ಸುದ್ದಿ ಸಾಹೇಬರ ಕಿವಿಗೆ ಬಿತ್ತು. ದೂರದ ದೇಶಗಳಿಂದ ಬಂದವರು ಸಂಸಾರಸ್ಥರ ಮನೆಯಲ್ಲಿ ನಾಡಿನ ಸಾಂಪ್ರದಾಯಿಕ ಅಡುಗೆಯನ್ನು ತಾವೇ ಮಾಡಿ ಕಲಿಯಬೇಕು, ಉಂಡು ರುಚಿ ನೋಡಬೇಕು, ಒಂದು ರಾತ್ರಿ ತಂಗಬೇಕು. ತಂಗಲು ಒಂದು ಕೋಣೆ ಬೇಕು! ಸಾಹೇಬರ ತಲೆಯೊಳಗೆ ದೀಪ ಹತ್ತಿತು. ಪ್ರವಾಸಿಗರು ಎಂದೋ ಬಂದು ಮಾರನೆಯ ದಿನ ಹೋಗುವವರು. ಭಾವಮೈದ ಹಾಗಲ್ಲ, ಬಂದರೆ ಬಂದವನೇ.

ಹೆಂಡತಿ ಹೊಲಿಗೆ ಶಾಲೆ ನಡೆಸುವವರು. ಕತ್ತರಿಸಿದ ಹಾಗೆ ಮಾತಾಡುವವರು. "ಸರಿ. ಭಾನುವಾರ ಸಂಘದವರು ಇಬ್ಬರು ಬಂದು ನೋಡಲಿ. ಅವರು ಮೆಚ್ಚಿ ಇನ್ನಷ್ಟು ಜನರನ್ನ ಕಳಿಸ್ತೀವಿ ಅಂದರೆ ಕೋಣೆ ಅವರಿಗೆ. ಮೂತಿ ಸೊಟ್ಟ ಮಾಡಿದರೆ ನನ್ನ ತಮ್ಮನಿಗೆ. ಆಮೇಲೆ ಗೊಣಗಾಟ ಕೂಡದು."

"ಮೂತಿ ಸೊಟ್ಟ? ನನ್ನ ಕೈಯಡುಗೆಗೆ?"

"ನಿಮ್ಮ ಕೈ ಒಲೆ ಕಂಡಿರೋದು ಬೀಡಿ ಹಚ್ಚೋಕೆ ಮಾತ್ರ. ಅದನ್ನೂ ಡಾಕ್ಟರು ಬಿಡಿಸಿದರು."

ಮಾಡುವ ಅಡುಗೆ ಯಾವುದೆಂಬುದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಆ ನಾಡಿಗೆಲ್ಲ ಒಂದೇ ಹೆಮ್ಮೆಯ ಅಡುಗೆ, ಮುಚ್ಚುಗಡಿಗೆ. ಕಂಚಿನ ಗಡಿಗೆಯಲ್ಲಿ ನುಚ್ಚು, ಕಾಳು, ಗೆಡ್ಡೆ, ಈರುಳ್ಳಿಗಳನ್ನು ಪದರ ಪದರವಾಗಿ ತುಂಬಿ, ನೀರೆರೆದು, ಮುಚ್ಚಳ ಮುಚ್ಚಿ, ಸಂದಿಗೆ ಗೋಧಿ ಹಿಟ್ಟಿನ ಮುದ್ರೆ ಮೆತ್ತಿ, ಇದ್ದಿಲ ಒಲೆಯ ಮೇಲೆ ಬಿಡುವುದು. ಮನೆಯಲ್ಲಿದ್ದ ಗಡಿಗೆ ಹೆಂಡತಿಯ ತಾಯಿಯದು. ಆ ತಾಯಿ ಮಗಳ ಮದುವೆಯಲ್ಲಿ ಅಳದೆ ಇದ್ದವರು, ಗಡಿಗೆಯನ್ನು ಬಂಡಿಗೇರಿಸುವಾಗ ಮಾತ್ರ ಕಣ್ಣೊರೆಸಿಕೊಂಡರಂತೆ.

ತಾಲೀಮು ಆರಂಭವಾಯಿತು. ಸಾಹೇಬರು ಮೇಲಿನಿಂದ ಒಂದು ತಕ್ಕಡಿಯನ್ನು ಇಳಿಸಿ ಒಲೆಯ ಪಕ್ಕ ಪ್ರತಿಷ್ಠಾಪಿಸಿದರು.

"ಕಾಳು ಎಷ್ಟು?"

"ಒಂದು ಹಿಡಿ."

"ಒಂದು ಹಿಡಿ ಅಂದರೆ ಎಷ್ಟು?"

"ಹಿಡಿಯಷ್ಟು."

"ಯಾರ ಹಿಡಿ?"

"ನನ್ನದು! ನಿಮ್ಮ ಹಿಡಿ ಯಾವತ್ತು ಈ ಅಡುಗೆಮನೇಲಿತ್ತು?"

ಸಾಹೇಬರು ಹೆಂಡತಿಯ ಹಿಡಿಯನ್ನು ಮೂರು ಸಲ ತೂಗಿದರು. ಮೂರು ಸಲವೂ ಬೇರೆ ಬೇರೆ ತೂಕ ಬಂತು. ಇಷ್ಟು ವರ್ಷ ತಾನು ಅಧಿಕೃತವಲ್ಲದ ಅಳತೆಯ ಊಟ ಉಂಡು ಬದುಕಿದ್ದೇನೆ ಎಂಬ ಅರಿವಾಗಿ ಅವರು ಸ್ವಲ್ಪ ಹೊತ್ತು ಗೋಡೆಗೊರಗಿ ಕೂತರು.

ಭಾನುವಾರ ಬಂತು. ಸಂಘದವರೂ ಬಂದರು. ಒಬ್ಬಾಕೆ ಅಗಲವಾದ ಟೋಪಿ ಹಾಕಿದ್ದರು. ಆಕೆಯನ್ನು ಟೋಪಿಯಮ್ಮ ಎನ್ನೋಣ. ಆಕೆಗೆ ನಮ್ಮ ಭಾಷೆ ಬರುತ್ತಿತ್ತು, ಆದರೆ ಅದು ಯಾವುದೋ ಹಳೆಯ ವ್ಯಾಕರಣದಿಂದ ಕಲಿತ ಭಾಷೆ. ಜೊತೆಗೆ ಬಾಗಿಲಿಗೆ ಹಣೆ ತಗುಲಿಸಿಕೊಂಡೇ ಒಳಬಂದ ಒಬ್ಬ ಉದ್ದಣ್ಣ. ಅವನಿಗೆ ಬರುತ್ತಿದ್ದದ್ದು ಒಂದೇ ಮಾತು: "ಚೆನ್ನಾಗಿದೆ." ಹಣೆ ಬಡಿದಾಗಲೂ ಅದನ್ನೇ ಹೇಳಿದ.

"ಮಹಾಶಯರೇ, ತಮ್ಮ ಗೃಹಕ್ಕೆ ಆಗಮಿಸಿ ನಾವು ಧನ್ಯರಾಗಿರುವೆವು" ಎಂದರು ಟೋಪಿಯಮ್ಮ. ಸಾಹೇಬರಿಗೆ ಎದೆಯುಬ್ಬಿತು. ನಿವೃತ್ತಿಯ ದಿನದ ನಂತರ ಯಾರೂ ಅವರನ್ನು ಮಹಾಶಯರೇ ಎಂದಿರಲಿಲ್ಲ. ಆ ದಿನ ಎಂದವರೂ ಬೇಗ ಬೇಗ ಎಂದು ಮುಗಿಸಿದ್ದರು.

ಆ ಎದೆ ಇಳಿಯುವ ಮುಂಚೆಯೇ ಬಾಗಿಲಲ್ಲಿ ಇನ್ನೊಂದು ಧ್ವನಿ ಗುಡುಗಿತು. "ಅಕ್ಕಾ! ಬಂದೆ!"

ಬಗಲಲ್ಲಿ ಹಾಸಿಗೆ ಸುರುಳಿ, ಕೈಯಲ್ಲಿ ಟ್ರಂಕು, ಕೊರಳಲ್ಲಿ ಸೀಟಿ. ಭಾವಮೈದ!

"ಇವತ್ತೇ ಯಾಕೋ ಬಂದೆ? ಇನ್ನೂ ತೀರ್ಮಾನ ಆಗಿಲ್ಲವಲ್ಲ" ಎಂದು ಸಾಹೇಬರು ಹಲ್ಲು ಕಚ್ಚಿದರು.

"ಗೊತ್ತು ಭಾವ, ಗೊತ್ತು! ಸುಮ್ಮನೆ ಕೋಣೆ ನೋಡ್ಕೊಂಡು ಬರ್ತೀನಿ. ಹಾಸಿಗೆ ಹಿಡಿಸುತ್ತೋ ಇಲ್ವೋ ಅಂತ ಒಂದ್ಸಲ ಹಾಸಿ ನೋಡ್ತೀನಿ, ಅಷ್ಟೇ!"

ಹೋಗುವ ಮುಂಚೆ ಹೊರಗಿನ ಚಪ್ಪಲಿಗಳನ್ನು ಸಾಲು ಮಾಡಿದ. ಉದ್ದಣ್ಣನ ಬೂಟುಗಳನ್ನು ತುದಿಯಲ್ಲಿಟ್ಟು, ಮೆಚ್ಚುಗೆಯಿಂದ ನೋಡಿ, ಮೆಟ್ಟಿಲೇರಿದ.

ಕೆಲಸ ಶುರುವಾಯಿತು. ಟೋಪಿಯಮ್ಮ ಈರುಳ್ಳಿ ಹೆಚ್ಚಿ ಅತ್ತರು. ಉದ್ದಣ್ಣ ಗೆಡ್ಡೆ ಸಿಪ್ಪೆ ತೆಗೆದು ಸಿಪ್ಪೆಯನ್ನು ಗಡಿಗೆಗೂ ಗೆಡ್ಡೆಯನ್ನು ಕಸಕ್ಕೂ ಹಾಕಿದ. ಹೆಂಡತಿ ಎರಡನ್ನೂ ತಿರುವುಮುರುವು ಮಾಡಿದರು. ಸಾಹೇಬರು ಪ್ರತಿ ಪದರವನ್ನೂ ತೂಗಿ, ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಿದರು. ಗಡಿಗೆ ತುಂಬಿತು. ಹೆಂಡತಿ ಮುದ್ರೆಗೆ ಹಿಟ್ಟು ನಾದಿಟ್ಟು, "ಇದನ್ನ ಸುಮ್ಮನೆ ಸುತ್ತ ಮೆತ್ತಿ, ಅಷ್ಟೇ. ನಾನು ತಟ್ಟೆ ಲೋಟ ತೆಗೀತೀನಿ" ಎಂದು ಒಳಗೆ ಹೋದರು.

ಸುಮ್ಮನೆ ಮೆತ್ತುವುದೇ? ಮುದ್ರೆಯನ್ನು? ಮುದ್ರೆ ಸಾಹೇಬರು?

ಅವರು ಆ ಹಿಟ್ಟಿನ ಉಂಡೆಯನ್ನು ಕೈಯಲ್ಲಿ ಹಿಡಿದು ಒತ್ತಿದರು. ಬೆರಳು ಒಳಗೆ ಹೋಯಿತು! ಇದು ಒಲೆಯ ಮೇಲೆ ಒಣಗಿ, ಬಿರುಕುಬಿಟ್ಟು, ಆವಿ ಸೋರುವುದನ್ನು ಅವರೇ ಎಷ್ಟೋ ಸಲ ಕಂಡಿದ್ದರು. ಸೋರುವ ಮುದ್ರೆ! ಇಡೀ ನಾಡು ತಲೆತಲಾಂತರದಿಂದ ಇಂಥ ದೋಷಯುಕ್ತ ಮುದ್ರೆಯನ್ನು ಸಹಿಸಿಕೊಂಡು ಬಂದಿದೆ, ಹೇಳುವವರಿಲ್ಲ, ಕೇಳುವವರಿಲ್ಲ! ಪರದೇಶದವರ ಮುಂದೆ ನಾಡಿನ ಮಾನ ಹರಾಜಾಗಬಾರದು. ಸಾಹೇಬರು ಹಿತ್ತಲಿಗೆ ಹೋಗಿ ಗೋಡೆಗೆ ಬಳಿಯಲು ತಂದಿದ್ದ ಸುಣ್ಣದಲ್ಲಿ ಎರಡು ಹಿಡಿ ತಂದರು. ಅದನ್ನು ಹಿಟ್ಟಿಗೆ ಕಲಸಿದರು. ಮೊಟ್ಟೆಯ ಬಿಳಿ ಬೆರೆಸಿದರು. ಬೆಲ್ಲದ ನೀರು ಹೊಯ್ದರು. ಹಳೆಯ ಕೋಟೆಗಳ ಗಾರೆ ಹೀಗೆಯೇ ಆಗುತ್ತಿತ್ತೆಂದು ಎಲ್ಲೋ ಓದಿದ್ದರು. ಗಾರೆಯನ್ನು ಸಂದಿಗೆ ತುಂಬಿ ನುಣ್ಣಗೆ ತೀಡಿದರು. ಅಷ್ಟಕ್ಕೂ ಮನಸ್ಸು ತುಂಬಲಿಲ್ಲ. ಗಡಿಗೆಯ ಕಿವಿಗಳಿಗೂ ಮುಚ್ಚಳದ ಹಿಡಿಗೂ ತಂತಿ ಬಿಗಿದು, ತಮ್ಮ ಪ್ರೀತಿಯ ಇಕ್ಕಳ ತಂದು, ಸೀಸದ ಮುದ್ರೆಯನ್ನು ಒತ್ತಿಯೇಬಿಟ್ಟರು.

"ಇದು ಪ್ರಾಚೀನ ಪದ್ಧತಿಯೋ?" ಎಂದು ಕೇಳಿದರು ಟೋಪಿಯಮ್ಮ.

"ಪ್ರಾಚೀನ! ಅತ್ಯಂತ ಪ್ರಾಚೀನ!"

"ಚೆನ್ನಾಗಿದೆ" ಎಂದ ಉದ್ದಣ್ಣ.

ಒಲೆಯ ಮೇಲೆ ಗಡಿಗೆ ಏರಿತು. ಇದ್ದಿಲು ಕೆಂಪಾಯಿತು. ಎಲ್ಲರೂ ಕಾದರು. ಒಂದೆಳೆ ಆವಿ ಇಲ್ಲ! ಒಂದು ಹನಿ ಸೋರಿಲ್ಲ! ಒಂದಿಷ್ಟು ವಾಸನೆಯೂ ಇಲ್ಲ! ಸಾಹೇಬರು ಕೈಕಟ್ಟಿ ನಿಂತು ಗಡಿಗೆಯನ್ನು ಮೊದಲ ಮಗುವನ್ನು ನೋಡುವ ತಂದೆಯಂತೆ ನೋಡಿದರು.

ಹೆಂಡತಿ ತಟ್ಟೆಗಳೊಂದಿಗೆ ಬಂದರು. ಮೂಗೆಳೆದರು. ಇನ್ನೊಮ್ಮೆ ಎಳೆದರು.

"ವಾಸನೆ ಯಾಕ್ರೀ ಬರ್ತಿಲ್ಲ?"

"ಬರಲ್ಲ!" ಎಂದರು ಸಾಹೇಬರು ಗತ್ತಿನಿಂದ. "ನನ್ನ ಮುದ್ರೆ ಅದು."

"ಬರಬೇಕು ಕಣ್ರೀ! ಬೆಂದಾಗ ಹಿಟ್ಟು ಬಿರುಕು ಬಿಡಬೇಕು, ಆವಿ ಬರಬೇಕು, ವಾಸನೆ ಬರಬೇಕು. ಆ ವಾಸನೆ ನೋಡೇ ಅಮ್ಮ ಗಡಿಗೆ ಇಳಿಸ್ತಿದ್ದಳು. ಇಲ್ಲದಿದ್ದರೆ ಮುಚ್ಚಿದ ಗಡಿಗೇಲಿ ಬೆಂದಿದ್ದು ಹೇಗೆ ಗೊತ್ತಾಗ್ಬೇಕು? ಆ ಮುದ್ರೆ ಹಾಕೋದೇ ಸೋರಲಿ ಅಂತ!"

ಸೋರಲಿ ಅಂತ. ಸಾಹೇಬರ ಕಿವಿಯಲ್ಲಿ ಈ ಮಾತು ಗಂಟೆಯಂತೆ ಬಡಿಯಿತು. ಸೋರಲೆಂದೇ ಹಾಕುವ ಮುದ್ರೆಯೂ ಲೋಕದಲ್ಲಿ ಇರಬಹುದೆಂದು ಅವರಿಗೆ ಇಲಾಖೆಯಲ್ಲಿ ಯಾರೂ ಹೇಳಿರಲಿಲ್ಲ.

ಹೆಂಡತಿ ಬಗ್ಗಿ ಮುದ್ರೆಯನ್ನು ಉಗುರಿನಿಂದ ಕೆರೆದರು. ಉಗುರು ಮುರಿಯಿತು.

"ಏನು ಮೆತ್ತಿದ್ದೀರಿ ಇದಕ್ಕೆ?"

ಸಾಹೇಬರು ಹೇಳಿದರು. ಪೂರ್ತಿ ಹೇಳಿ ಮುಗಿಸುವ ಮುಂಚೆಯೇ ಹೆಂಡತಿಯ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ತೆಗೀರಿ! ಈಗಲೇ ತೆಗೀರಿ!"

ಚಾಕು ಬಂತು, ಬಾಗಿತು. ಉಳಿ ಬಂತು, ಜಾರಿತು. ಸುತ್ತಿಗೆ ಬಂದಾಗ ಹೆಂಡತಿ ಅಡ್ಡ ನಿಂತರು. "ಅಮ್ಮನ ಗಡಿಗೆ ಮೇಲೆ ಏಟು ಬಿದ್ದರೆ ನಿಮ್ಮ ಮೇಲೂ ಬೀಳುತ್ತೆ!" ತಂತಿ ಕತ್ತರಿಸೋಣವೆಂದರೆ ಗಡಿಗೆಯ ಸುತ್ತ ಕೈಯಿಡಲಾಗದ ಬಿಸಿ. ಇಕ್ಕಳ ಹಿಡಿದು ಮುಂದೆ ಹೋದ ಸಾಹೇಬರು ಹುಬ್ಬಿನ ಕೂದಲು ಸುಟ್ಟುಕೊಂಡು ಹಿಂದೆ ಬಂದರು. ಬರುವಾಗ ಇಕ್ಕಳ ಇದ್ದಿಲೊಳಗೆ ಬಿತ್ತು. ಅಷ್ಟರಲ್ಲಿ ಗಡಿಗೆ ಗುರುಗುಟ್ಟಲು ಆರಂಭಿಸಿತ್ತು. ಮೊದಲು ಸಣ್ಣಗೆ, ಆಮೇಲೆ ಬಾಡಿಗೆದಾರ ಖಾಲಿ ಮಾಡಲೊಲ್ಲೆ ಎನ್ನುವ ಧಾಟಿಯಲ್ಲಿ.

"ಮಹಾಶಯರೇ, ನಾನು ಹಸಿದಿರುವೆನು. ಗಡಿಗೆಯು ಯಾವಾಗ ತೆರೆಯಲ್ಪಡುವುದು?"

"ಆಗಲೇ... ಇನ್ನೇನು... ಕಾಯೋದೂ ಇದರ ಒಂದು ಭಾಗ" ಎಂದು ತೊದಲಿದರು ಸಾಹೇಬರು.

"ಓಹೋ! ಭೋಜನಪೂರ್ವ ಉಪವಾಸವು!" ಟೋಪಿಯಮ್ಮನ ಕಣ್ಣು ಅರಳಿತು. ಆಕೆ ಉದ್ದಣ್ಣನಿಗೆ ತಮ್ಮ ಭಾಷೆಯಲ್ಲಿ ವಿವರಿಸಿದರು. ಅವನು ಹೊಟ್ಟೆಯ ಮೇಲೆ ಕೈಯಿಟ್ಟು, ಅಳುದನಿಯಲ್ಲಿ, "ಚೆನ್ನಾಗಿದೆ" ಎಂದ.

ಆಗ ಸಾಹೇಬರಿಗೆ ತಲೆಯ ಮೇಲಿಂದ ಒಂದು ಸದ್ದು ಕೇಳಿಸಿತು. ಗರಗರ... ಗರಗರ... ಹಲಗೆಯ ಮೇಲೆ ಭಾರದ ವಸ್ತುವೊಂದನ್ನು ಎಳೆಯುವ ಸದ್ದು. ಅವರ ದೊಡ್ಡ ತಕ್ಕಡಿ! ಹಿಂದೆಯೇ ಬಟ್ಟುಗಳು ಒಂದೊಂದಾಗಿ ಗೋಡೆ ಬದಿಗೆ ಸೇರುವ ಠಣ್, ಠಣ್, ಠಣ್. ಗಾತ್ರದ ಪ್ರಕಾರ, ಸಾಲಾಗಿ. ಆಮೇಲೆ ಒರಗು ಕುರ್ಚಿಯ ನರಳಾಟ. ಭಾವಮೈದ ಅದರಲ್ಲಿ ಕೂತು ನೋಡುತ್ತಿದ್ದಾನೆ.

ಕೆಳಗೆ ಗಡಿಗೆ, ಮೇಲೆ ಭಾವಮೈದ. ಎರಡೂ ಗುರುಗುಟ್ಟುತ್ತಿದ್ದವು, ಎರಡನ್ನೂ ಇಳಿಸುವ ದಾರಿ ಕಾಣಲಿಲ್ಲ. ತನ್ನ ಆಯುಷ್ಯದಲ್ಲಿ ಸರಿಯಾಗಿ ಮಾಡಲು ಬಂದದ್ದು ಒಂದೇ ಒಂದು ಕೆಲಸ, ಇವತ್ತು ಅದನ್ನು ಹಿಂದೆಂದಿಗಿಂತ ಚೆನ್ನಾಗಿ ಮಾಡಿ ತಾನು ಕೆಟ್ಟೆನಲ್ಲ ಎಂದು ಸಾಹೇಬರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಈರುಳ್ಳಿಯ ನೆಪ ಹೇಳೋಣವೆಂದರೆ ಅದು ಗಡಿಗೆಯೊಳಗಿತ್ತು.

ಗಡಿಗೆ ಅಲುಗಿತು.

"ಎಲ್ಲರೂ ಹೊರಗೆ!" ಎಂದು ಹೆಂಡತಿ ಟೋಪಿಯಮ್ಮನ ತೋಳು ಹಿಡಿದು ಎಳೆದರು. ಉದ್ದಣ್ಣ ಇನ್ನೊಮ್ಮೆ ಹಣೆ ಬಡಿಸಿಕೊಂಡು ಹೊರಬಂದ. ಸಾಹೇಬರು ಬಾಗಿಲು ದಾಟಿದ್ದೇ ತಡ...

ಢಮಾರ್!

ಮನೆ ಅಲ್ಲಾಡಿತು. ಮುಚ್ಚಳ ರಾಕೆಟ್ಟಿನಂತೆ ನೇರ ಮೇಲಕ್ಕೆ ಹೋಗಿ, ಸೂರಿನ ಹಲಗೆಯೊಂದನ್ನು ಮುರಿದು, ಮಹಡಿಯ ಕೋಣೆಯಲ್ಲಿ ಕಾಣಿಸಿಕೊಂಡಿತು. ಆ ಹೊತ್ತಿಗೆ ಭಾವಮೈದ ಅಲ್ಲಿ ಹಾಸಿಗೆ ಹಾಸಿ, ಅದು ಹಿಡಿಸಿದ ಸಂತೋಷಕ್ಕೆ ನೆಲಕ್ಕೆ ಕೈಯೂರಿ ದಂಡ ಹೊಡೆಯುತ್ತಿದ್ದ. ಮೂಗಿನ ಮುಂದೆಯೇ ನೆಲ ಒಡೆದು, ಒಂದು ಕಂಚಿನ ಮುಚ್ಚಳ ಎದ್ದು ಬಂದು, ಠಣ್ಣನೆ ಅವನ ಟ್ರಂಕಿನ ಮೇಲೆ ಕೂತಿತು.

ನಲವತ್ತು ಮಕ್ಕಳ ಗಲಾಟೆಯನ್ನು ಒಂದೇ ಕೂಗಿಗೆ ಅಡಗಿಸಿದ ಗಂಟಲು ಅದು. ತಾನಾಗಿಯೇ ತೆರೆದುಕೊಂಡಿತು.

"ಯಾರದು? ಸಾಲಾಗಿ ನಿಲ್ಲೀ...!"

ಆಕಾಶವಾಣಿಯಂತೆ ಸೂರಿನ ತೂತಿನಿಂದ ಬಂದ ಆ ಆಜ್ಞೆಗೆ ಟೋಪಿಯಮ್ಮ ಓಡಿಬಂದು ಅಡುಗೆಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತರು. ಆಕೆಯ ಹಿಂದೆ ಉದ್ದಣ್ಣ ನಿಂತ. ಹೆಂಡತಿಯೂ ಹುಟ್ಟಿದ ಮನೆಯ ಅಭ್ಯಾಸಬಲದಿಂದ ನಿಂತುಬಿಟ್ಟರು. ತೂತಿನಲ್ಲಿ ಭಾವಮೈದನ ತಲೆಕೆಳಗಾದ ಮುಖ ಮೂಡಿತು.

ಮೂಡಿದ ಮುಖ, ಸಾಲು ನೇರವಾಗಿರುವುದನ್ನು ಕಂಡು, ಶಾಂತವಾಯಿತು. "ಹೂಂ. ಈಗ ಒಬ್ಬೊಬ್ಬರಾಗಿ ಮುಂದೆ ಬನ್ನಿ. ನೂಕಬಾರದು. ಅಕ್ಕ, ಬಡಿಸು!"

ಬಡಿಸಲು ಇತ್ತೆ? ಅರ್ಧ ಮುಚ್ಚುಗಡಿಗೆ ಸೂರಿನಿಂದ ತೊಟ್ಟಿಕ್ಕುತ್ತಿತ್ತು, ಕಪಾಟಿನ ಡಬ್ಬಿಗಳಿಗೆ ನುಚ್ಚಿನ ಟೋಪಿ ಬಂದಿತ್ತು. ಗಡಿಗೆಯಲ್ಲಿ ಉಳಿದಿದ್ದು ತಳಹಿಡಿದ ಉಳಿದರ್ಧ. ಅದರ ಒಂದು ಕಿವಿ ತಂತಿಯ ಸಮೇತ ಮುಚ್ಚಳದ ಜೊತೆ ಮಹಡಿಗೆ ಹೋಗಿತ್ತು. ಹೆಂಡತಿ ಸೆರಗಿನಿಂದ ಕಿವಿ ಕಿತ್ತ ಜಾಗವನ್ನು ಒರೆಸಿದರು. ಆಮೇಲೆ ತಳದ ಚಕ್ಕೆಗಳನ್ನು ಕೆರೆದು ಅತಿಥಿಗಳ ತಟ್ಟೆಗೆ ಹಾಕಿದರು.

"ಮುದ್ರೆ ಮಾತ್ರ ಒಡೆದಿಲ್ಲ ಭಾವ!" ಮೇಲಿನಿಂದ ವರದಿ ಬಂತು. "ತಂತಿಯಲ್ಲಿ ಹಂಗೇ ಇದೆ, ನೋಡಿ! ಭಲೇ!"

ಆ ಭಲೇ ಕೇಳಿ ಸಾಹೇಬರು ನೆಲದ ಮೇಲೆ ಕೂತರು. ಎಲ್ಲ ಮುಗಿಯಿತು. ಪ್ರವಾಸಿಗರು ಈಗ ಚಪ್ಪಲಿ ಮೆಟ್ಟಿ ಹೋಗುತ್ತಾರೆ. ಕೋಣೆ ಹೋಯಿತು, ಕುರ್ಚಿ ಹೋಯಿತು, ಮಧ್ಯಾಹ್ನಗಳು ಹೋದವು. ನಾಳೆಯಿಂದ ಸೀಟಿ.

ಟೋಪಿಯಮ್ಮ ತಟ್ಟೆಯಲ್ಲಿದ್ದ ಕಪ್ಪು ಚಕ್ಕೆಯೊಂದನ್ನು ಕಡಿದರು. ಜಗಿದರು. ಕಣ್ಣು ಮುಚ್ಚಿದರು. ಸಾಹೇಬರೂ ಮುಚ್ಚಿದರು.

"ಅದ್ಭುತವು!" ಎಂದರು ಟೋಪಿಯಮ್ಮ. "ಅನೇಕ ದೇಶಗಳಲ್ಲಿ ಅನೇಕ ಗೃಹಗಳಲ್ಲಿ ನಾವು ಭೋಜನ ಮಾಡಿರುವೆವು. ಎಲ್ಲೆಡೆಯೂ ಬರಿಯ ಆಹಾರ! ಇಲ್ಲಿ ಮಾತ್ರವೇ ಪೂರ್ಣ ವಿಧಿ! ಮೊದಲು ತೂಕದ ಘೋಷಣೆ, ಬಳಿಕ ಲೋಹದ ಮುದ್ರೆ, ಬಳಿಕ ಉಪವಾಸ, ಬಳಿಕ ಸಿಡಿಲು, ಬಳಿಕ ಮೇಲಿನಿಂದ ಹಿರಿಯರ ಧ್ವನಿ! ಸಂಘವು ಪ್ರತಿ ಭಾನುವಾರ ಜನರನ್ನು ಕಳುಹಿಸುವುದು!"

ಸಾಹೇಬರು ಕಣ್ಣು ಬಿಟ್ಟರು. ಗೆದ್ದೆನೇ? ನಿಜವಾಗಿ? ಅವರು ಗೋಡೆ ಹಿಡಿದು ಎದ್ದರು. "ಕೇಳಿದೆಯಾ? ಮೆಚ್ಚಿದ್ದಾರೆ! ಕಳಿಸ್ತಾರಂತೆ! ಮಾತು ಮಾತೇ. ಕೋಣೆ..."

"ಆದರೆ" ಎಂದರು ಟೋಪಿಯಮ್ಮ, ಸೂರಿನತ್ತ ಕೈಮುಗಿದು, "ಆ ಧ್ವನಿಯ ಮಹನೀಯರು ಪ್ರತಿ ಬಾರಿಯೂ ಮೇಲೆಯೇ ಇರುವರಷ್ಟೇ? ಅವರಿಲ್ಲದೆ ವಿಧಿಯು ಅಪೂರ್ಣವು."

"ಇರ್ತಾನಮ್ಮ" ಎಂದರು ಹೆಂಡತಿ, ಸಾಹೇಬರ ಕಡೆ ನೋಡದೆ. "ಇನ್ನು ಮೇಲೆ ಅವನು ಅಲ್ಲೇ ಇರ್ತಾನೆ. ನೆಲ ತೂತಾದ ಕೋಣೇಲಿ ನಿಮ್ಮನ್ನ ಮಲಗಿಸೋಕೂ ಆಗಲ್ಲ. ನಿಮಗೆ ನಮ್ಮ ಕೋಣೆ ಬಿಟ್ಟುಕೊಡ್ತೀವಿ. ನಾನು ಹೊಲಿಗೆ ಶಾಲೇಲಿ ಮಲಗ್ತೀನಿ."

"ಮತ್ತೆ ನಾನು?" ಎಂದರು ಸಾಹೇಬರು, ತೀರಾ ಸಣ್ಣ ಧ್ವನಿಯಲ್ಲಿ.

"ನೀವು ಮೊದಲು ಆ ಸೂರು ಕೆರೆದು ಸ್ವಚ್ಛ ಮಾಡಿ! ಹುಬ್ಬಿಲ್ಲದ ಮುಖ ಹೊತ್ಕೊಂಡು ನಿಂತಿದ್ದೀರಲ್ಲ! ಸುಣ್ಣವಂತೆ, ಬೆಲ್ಲವಂತೆ! ಅಮ್ಮನ ಗಡಿಗೆ ಕಿವಿ ಕಿತ್ತಿದ್ದೀರಿ, ಅದಕ್ಕೆ ಬೆಸುಗೆ ಹಾಕಿಸೋವರೆಗೂ ನಿಮಗೆ ಈ ಮನೇಲಿ ತಟ್ಟೆ ಇಲ್ಲ!"

ಸಾಹೇಬರು ತಲೆ ತಗ್ಗಿಸಿ ಸೌಟು ಹಿಡಿದು ಸ್ಟೂಲು ಹತ್ತಿದರು. ತಲೆಯೆತ್ತಿದರೆ ತೂತಿನಲ್ಲಿ ಭಾವಮೈದ. "ಎಡಕ್ಕೆ ಭಾವ, ಇನ್ನೂ ಎಡಕ್ಕೆ! ಅಲ್ಲೊಂದು ಕಾಳಿದೆ!"

ಟೋಪಿಯಮ್ಮ ಇದನ್ನೆಲ್ಲ ಬಹಳ ಗಮನವಿಟ್ಟು ನೋಡಿದರು. ಆಮೇಲೆ ಹೆಂಡತಿಯ ಹತ್ತಿರ ಸರಿದು ಕೇಳಿದರು: "ತಮ್ಮ ಪಾತ್ರ ತಿಳಿಯಿತು. ಮೇಲಿನವರ ಪಾತ್ರವೂ ತಿಳಿಯಿತು. ಈ ಮಹಾಶಯರು ಆದಿಯಿಂದ ಅಂತ್ಯದವರೆಗೆ ಇಲ್ಲಿಯೇ ಓಡಾಡಿದರು. ವಿಧಿಯಲ್ಲಿ ಇವರದು ಯಾವ ಪಾತ್ರ?"

"ಅವರದಾ?" ಹೆಂಡತಿ ಸ್ಟೂಲಿನ ಕಡೆ ಒಮ್ಮೆ ನೋಡಿದರು. "ಬೈಸಿಕೊಳ್ಳೋಕೆ ಒಬ್ಬರು ಬೇಕಲ್ಲಮ್ಮ."

"ಓಹೋ! ಅದೂ ಪ್ರಾಚೀನ ಪದ್ಧತಿಯೋ?"

"ಉಳಿದಿದ್ದೆಲ್ಲ ಇವತ್ತಿಂದು" ಎಂದರು ಹೆಂಡತಿ. "ಪ್ರಾಚೀನ ಅಂದರೆ ಅದೊಂದೇ."

"ಚೆನ್ನಾಗಿದೆ" ಎಂದ ಉದ್ದಣ್ಣ.